ಜೋಡಿ ಹಚ್ಚುವ ಕೆಲಸ

20 ಏಪ್ರಿಲ್ 2025, ರವಿವಾರ
ರಾತ್ರಿ 11.40

ಮೂಗಿನೊಳಗೆ ಇನ್ನೂ ಕೆಮ್ಮಣ್ಣು ಇದೆ. ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಸೀನಿದಾಗಲೆಲ್ಲ ಕರವಸ್ತ್ರ ಕೆಂಪಾಗುತ್ತಿದೆ. ಹತ್ತು ಜನರ ಜೊತೆ ಕುಸ್ತಿ ಆಡಿ ಬಂದವನ ಹಾಗೆ ಮೈಯೆಲ್ಲ ನೋವು. ಆದರೆ ಇಡೀ ದಿನ ನಾನು ಮಾಡಿದ್ದು ಒಂದು ವಹಿಯಲ್ಲಿ ಹೆಸರು ಬರೆದದ್ದು, ಅಷ್ಟೇ.

ತೇರು ನಿನ್ನೆ ಎಳೆದಾಯಿತು. ತೇರಿನ ಮರುದಿನ ಜಂಗಿ ನಿಕಾಲಿ ಕುಸ್ತಿ, ಅಂದರೆ ಒಬ್ಬ ಗೆದ್ದು ಒಬ್ಬ ಸೋಲುವವರೆಗೆ ಆಡುವ ಕುಸ್ತಿ, ಅದು ನಮ್ಮೂರಿನ ಪದ್ಧತಿ. ಎರಡು ವಾರದ ಹಿಂದೆಯೇ ಜಾತ್ರಾ ಕಮಿಟಿಯ ಹಿರಿಯರು ಹುಬ್ಬಳ್ಳಿಗೆ ಫೋನ್ ಮಾಡಿ, "ನಿನ್ನ ಅಕ್ಷರ ಮುತ್ತಿನಂತಿದೆ, ಕರಪತ್ರವನ್ನೂ ನೀನೇ ಬರೆದುಕೊಡು, ಕುಸ್ತಿಯ ದಿನ ವಹಿಗೂ ನೀನೇ ಕೂರು" ಎಂದರು. ಉಬ್ಬಿಹೋದೆ. ಊರಿಗೆ ಬಂದ ಮೇಲೆ ಗೊತ್ತಾದದ್ದು, ಹೋದ ವರ್ಷದ ವಹಿಯಲ್ಲಿ ಒಬ್ಬನೇ ಪೈಲ್ವಾನನಿಗೆ ಎರಡು ಸಲ ಹಣ ಹೋಗಿತ್ತಂತೆ. ಅವರಿಗೆ ಬೇಕಾಗಿದ್ದದ್ದು ನನ್ನ ಅಕ್ಷರವಲ್ಲ, ಕಚೇರಿಯಲ್ಲಿ ಲೆಕ್ಕ ಬರೆದು ಬೆಳೆದ ನನ್ನ ಜಿಪುಣತನ.

ಬೆಳಗ್ಗೆ ಆರಕ್ಕೆ ಕಣಕ್ಕೆ ಹೋದೆ. ನವಲಗುಂದದ ಕಡೆಗಿನ ನಮ್ಮ ನೆಲವೆಲ್ಲ ಎರೆ. ಕಡಲೆಗೆ, ಹತ್ತಿಗೆ, ಬಿಳಿಜೋಳಕ್ಕೆ ಬಂಗಾರದಂಥ ಮಣ್ಣು. ಕುಸ್ತಿಗೆ ಮಾತ್ರ ಬಾರದು. ಒಣಗಿದರೆ ಕಲ್ಲು, ತೊಯ್ದರೆ ಅಂಟು. ಹಾಗಾಗಿ ಪ್ರತಿ ವರ್ಷ ಕಲಘಟಗಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೆಮ್ಮಣ್ಣು ತರಿಸುತ್ತಾರೆ. ಈ ಸಲ ನಾಲ್ಕು ಟ್ರೇಲರ್ ಬಂದಿತ್ತು. ಜರಡಿ ಹಿಡಿದು ಕಲ್ಲು ತೆಗೆದು, ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಹಾಕಿ ಎರಡು ದಿನದಿಂದ ಹದ ಮಾಡುತ್ತಿದ್ದರು. ವಹಿ ತೆರೆಯುವುದಕ್ಕೆ ಇನ್ನೂ ಹೊತ್ತಿದೆ ಎಂದು ನನ್ನ ಕೈಗೆ ಚಾಕು ಕೊಟ್ಟು ಇನ್ನೂರು ನಿಂಬೆಹಣ್ಣು ಕೊಯ್ಯಲು ಕೂರಿಸಿದರು. ಐವತ್ತನೆಯ ಹಣ್ಣಿಗೆ ಬೆರಳು ಕೊಯ್ದುಕೊಂಡೆ, ಉಳಿದ ನೂರೈವತ್ತನ್ನು ಹಲ್ಲು ಕಚ್ಚಿಕೊಂಡೇ ಕೊಯ್ದೆ.

ಏಳಕ್ಕೆ ಉಸ್ತಾದರು ಬಂದರು. ವಯಸ್ಸು ಎಪ್ಪತ್ತು ದಾಟಿದೆ, ಪ್ರಾಯದಲ್ಲಿ ಆರು ವರ್ಷ ಕೊಲ್ಲಾಪುರದ ತಾಲೀಮಿನಲ್ಲಿ ಇದ್ದವರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಒಮ್ಮೆ ಆಡಿದ್ದನ್ನು ಈಗಲೂ ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ, ಗೆದ್ದರೋ ಸೋತರೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಚಪ್ಪಲಿ ಬಿಟ್ಟು ಕಣಕ್ಕೆ ಇಳಿದು, ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ, ಎದೆಯೆತ್ತರದಿಂದ ಕೈಬಿಟ್ಟರು. ಉಂಡೆ ಬಿದ್ದು ಪುಡಿಯಾಯಿತು. "ಇನ್ನೊಂದು ಕೊಡ ನೀರು" ಎಂದರು. ಮತ್ತೆ ಕಟ್ಟಿ ಬಿಟ್ಟಾಗ ನಾಲ್ಕು ಹೋಳಾಯಿತು. ಆಗ ಹನುಮಪ್ಪನ ಫೋಟೋ ಇಟ್ಟು ಕಾಯಿ ಒಡೆಸಿದರು.

ಕುಸ್ತಿ ಎಂದರೆ ಜನರಿಗೆ ಕಾಣುವುದು ಮಧ್ಯಾಹ್ನ ಮೂರರ ನಂತರದ್ದು. ನನ್ನ ಮಟ್ಟಿಗೆ ನಿಜವಾದ ಕುಸ್ತಿ ಹನ್ನೆರಡರಿಂದ ಮೂರರವರೆಗೆ ಶಾಲೆಯ ಕಟ್ಟೆಯ ಮೇಲೆ ನಡೆಯಿತು. ಅದಕ್ಕೆ ಜೋಡಿ ಹಚ್ಚುವುದು ಎನ್ನುತ್ತಾರೆ. ಬೆಳಗಾವಿ, ಹಳಿಯಾಳ, ಗದಗ, ದಾವಣಗೆರೆ, ಸಾಂಗಲಿ ಎಂದು ಎಲ್ಲೆಲ್ಲಿಂದಲೋ ಪೈಲ್ವಾನರು ಬಂದು ಸಾಲಾಗಿ ನಿಲ್ಲುತ್ತಾರೆ. ಯಾರಿಗೆ ಯಾರು ಜೋಡಿ, ಎಷ್ಟು ರೂಪಾಯಿಯ ಕುಸ್ತಿ ಎಂಬುದನ್ನು ಉಸ್ತಾದರು ಹೇಳಬೇಕು, ನಾನು ಬರೆಯಬೇಕು. ತಕ್ಕಡಿ ಇಲ್ಲ. 2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆದಾಗ ನಾನೂ ಹೋಗಿದ್ದೆ. ಅಲ್ಲಿ ಕಿಲೋ ಲೆಕ್ಕದ ವಿಭಾಗಗಳು, ಅಂಕಗಳು. ನಮ್ಮಲ್ಲಿ ಅಂಕವಿಲ್ಲ, ಎರಡೂ ಭುಜ ಮಣ್ಣಿಗೆ ಹತ್ತಬೇಕು, ಅದಕ್ಕೇ ಚಿತ್ ಎನ್ನುವುದು. ತೂಕ ಹಾಕುವ ಯಂತ್ರವೊಂದನ್ನು ತರಿಸಿದರೆ ಹೇಗೆ ಎಂದು ಕೇಳಿದೆ. "ತರಿಸು, ಬೆಲ್ಲ ತೂಗಲು ಆಗುತ್ತದೆ" ಎಂದರು.

ಅವರು ನೋಡುವುದು ಪಾದ, ಕುತ್ತಿಗೆ, ಕಿವಿ. ಹುಡುಗನೊಬ್ಬ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಅಜ್ಜಾ, ನಾನು ಹೊಸಬ, ಐನೂರರ ಕುಸ್ತಿಗೆ ಹಚ್ಚಿ" ಎಂದ. ಮಾತಿನಲ್ಲಿ ವಿನಯ, ನಿಲುವಿನಲ್ಲೂ ವಿನಯ. ನಾನು 500 ಎಂದು ಬರೆದೂಬಿಟ್ಟಿದ್ದೆ. ಉಸ್ತಾದರು ಮೆಲ್ಲನೆ ಟವೆಲ್ ಸರಿಸಿದರು. ಎಡಗಿವಿ ಹಿಂಡಿ ಮುದ್ದೆ ಮಾಡಿಟ್ಟ ಹಾಗಿತ್ತು, ಒಳಗಿನ ಮಡಿಕೆಗಳೆಲ್ಲ ಮುಚ್ಚಿಹೋಗಿದ್ದವು. ಎದುರಾಳಿಯ ತಲೆಗೆ, ತೋಳಿಗೆ ಉಜ್ಜಿ ಉಜ್ಜಿ ಚರ್ಮದ ಕೆಳಗೆ ರಕ್ತ ನಿಂತು, ಅದೇ ಗಟ್ಟಿಯಾಗಿ ಹೀಗಾಗುತ್ತದೆ. ಒಂದೆರಡು ತಿಂಗಳ ಸಾಮಿನಿಂದ ಬರುವ ಕಿವಿಯಲ್ಲ ಅದು. "ಹೊಸಬನ ಕಿವಿ ಹಳತಾಗಿದೆಯಲ್ಲ ತಮ್ಮಾ" ಎಂದು ನಕ್ಕು ಅವನನ್ನು ಮೂರು ಸಾವಿರದ ಕುಸ್ತಿಗೆ ಹಚ್ಚಿದರು. ಹುಡುಗ ಹಲ್ಲುಕಿರಿದ. ಸಂಜೆ ಅದರಲ್ಲೂ ಗೆದ್ದ, ಅದು ಬೇರೆ ಮಾತು.

ಹೀಗೆ ನಲವತ್ತೆರಡು ಜೋಡಿಯಾಯಿತು. ಒಂದೇ ಜೋಡಿಗೆ ತಡವಾಯಿತು. ಹಳಿಯಾಳದಿಂದ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು, ಹದಿನಾರೋ ಹದಿನೇಳೋ ಇರಬೇಕು. ಅವಳಿಗೆ ಜೋಡಿಯಿಲ್ಲ. ಪ್ರದರ್ಶನಕ್ಕೆಂದು ಸುಮ್ಮನೆ ಕಣ ಸುತ್ತಿಸಿ ಶಾಲು ಹೊದಿಸಿ ಕಳಿಸೋಣ ಎಂದು ಕಮಿಟಿಯ ಒಬ್ಬರು ಹೇಳಿದ್ದೇ ತಡ, ಅವಳ ಮುಖ ಗಂಟಾಯಿತು. "ಶಾಲು ನಮ್ಮ ಮನೆಯಲ್ಲೂ ಇದೆ" ಎಂದಳು. ಎರಡೂವರೆಗೆ ಗದಗಿನ ಬಸ್ಸಿನಿಂದ ಇಬ್ಬರು ಹುಡುಗಿಯರು ಇಳಿದಾಗ ನನಗೇ ಜೀವ ಬಂದಂತಾಯಿತು. ಜೋಡಿ ಗೊತ್ತಾದ ಮೇಲೆ ಆಕೆ ಕಣದ ಅಂಚಿಗೆ ಹೋಗಿ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದಳು. ಕಲಿತದ್ದೆಲ್ಲ ಮ್ಯಾಟಿನ ಮೇಲಂತೆ. ಮಣ್ಣಿನಲ್ಲಿ ಕಾಲು ಹುಗಿಯುತ್ತದೆ, ಜಾರಿದರೆ ಎತ್ತಲು ಹೊತ್ತಾಗುತ್ತದೆ ಎಂದಳು. ಖಾಶಾಬಾ ಜಾಧವರದು ಇದರ ತದ್ವಿರುದ್ಧ. ಮಣ್ಣಿನ ಕಣದಲ್ಲಿ ಬೆಳೆದ ಅವರಿಗೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟೇ ಹೊಸದು. ಆರನೆಯವರಾಗಿ ಬಂದು, ಮುಂದೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಇದನ್ನು ಅವಳಿಗೆ ಹೇಳಿದೆ. "ನನಗೆ ನಾಲ್ಕು ವರ್ಷ ಇಲ್ಲ ಅಣ್ಣಾ, ಅರ್ಧ ಗಂಟೆ ಇದೆ" ಎಂದಳು. ಆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕಣಕ್ಕಿಳಿದ ಎರಡನೆಯ ನಿಮಿಷಕ್ಕೆ ಗದಗಿನವಳ ಕಾಲಿಗೆ ಕೈಹಾಕಿ, ಎತ್ತಿ, ತಿರುವಿ ಹಾಕಿದಳು. ಹಲಗೆಯವರು ಪೆಟ್ಟು ಏರಿಸುವಷ್ಟರಲ್ಲಿ ಕುಸ್ತಿ ಮುಗಿದಿತ್ತು. ಮಾಳಿಗೆಯ ಮೇಲೆ ಕೂತಿದ್ದ ಹೆಂಗಸರು ಹೊಡೆದ ಸಿಳ್ಳೆಯನ್ನು ನಾನು ಈ ಊರಿನಲ್ಲಿ ಮೊದಲ ಸಲ ಕೇಳಿದೆ.

ಅಕ್ಕನ ಮಗ ಬೆಳಗ್ಗೆಯಿಂದ ನನ್ನ ಪಕ್ಕವೇ ಇದ್ದ. ವಯಸ್ಸು ಹನ್ನೊಂದು, ಟಿವಿಯ ಡಬ್ಲ್ಯೂಡಬ್ಲ್ಯೂಇ ನೋಡಿ ಬೆಳೆಯುತ್ತಿರುವವನು. ನನ್ನ ಕಾಲದಲ್ಲಿ ಅದು ಡಬ್ಲ್ಯೂಡಬ್ಲ್ಯೂಎಫ್ ಆಗಿತ್ತು, ಅಂಡರ್‌ಟೇಕರನ ಟ್ರಂಪ್ ಕಾರ್ಡಿಗಾಗಿ ನಾನು ಒಂದು ಒಳ್ಳೆಯ ಕಂಪಾಸ್ ಪೆಟ್ಟಿಗೆಯನ್ನೇ ಕಳೆದುಕೊಂಡಿದ್ದೇನೆ. "ಮಾಮಾ, ಟಿವಿಯದು ಸುಳ್ಳಂತೆ. ಇದು ನಿಜವೇ?" ಎಂದು ಕೇಳಿದ. "ನೂರಕ್ಕೆ ನೂರು" ಎಂದೆ. ಆಗ ಮೂರೂಕಾಲು. ನಾಲ್ಕೂವರೆಗೆ ಕೇಳಿದ್ದರೆ ಅಷ್ಟು ಜೋರಾಗಿ ಹೇಳುತ್ತಿರಲಿಲ್ಲ.

ನಾಲ್ಕೂವರೆಗೆ ಕೊನೆಯ ಜೋಡಿಯ ಸಹಿ ತರಲು ಐದನೆಯ ತರಗತಿಯ ಕೋಣೆಗೆ ಹೋದೆ. ಐವತ್ತು ಸಾವಿರದ ಕುಸ್ತಿ. ಕರಪತ್ರದಲ್ಲಿ ಇಬ್ಬರ ಫೋಟೋ ಎದುರಾಬದುರು, ನಡುವೆ ಮಿಂಚು. ಕೋಣೆಯಲ್ಲಿ ದಾವಣಗೆರೆಯವನು ಚಾಪೆಯ ಮೇಲೆ ಬೋರಲು ಮಲಗಿದ್ದ, ಕೊಲ್ಲಾಪುರದವನು ಮಂಡಿಯೂರಿ ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದ. ತಿಕ್ಕುತ್ತಿದ್ದವನ ಮೊಣಕಾಲಿಗೆ ಪಟ್ಟಿ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತು: ಮಂಗಳವಾರ ಒಂದು ಊರು, ಶುಕ್ರವಾರ ಇನ್ನೊಂದು, ಮಳೆ ಹಿಡಿಯುವವರೆಗೆ ಹೀಗೆಯೇ. ನನ್ನನ್ನು ಕಂಡು ಎದ್ದು ಕೂತರು. ಸಹಿ ಮಾಡುತ್ತ ದಾವಣಗೆರೆಯವನು ಕೇಳಿದ, "ಅಣ್ಣಾ, ಸಮ ಆದರೆ ಹಣ ಅರ್ಧ ಅರ್ಧ ತಾನೇ?"

ಬೆಳಗ್ಗೆಯಿಂದ ಎಂಬತ್ತಕ್ಕೂ ಹೆಚ್ಚು ಜನ ನನ್ನ ಮುಂದೆ ಸಹಿ ಮಾಡಿದ್ದರು. ಗೆದ್ದರೆ ಎಷ್ಟು, ಯಾವಾಗ ಕೊಡುತ್ತೀರಿ ಎಂದು ಎಲ್ಲರೂ ಕೇಳಿದ್ದರು. ಸಮ ಆದರೆ ಎಂದು ಕೇಳಿದವನು ಇವನೊಬ್ಬನೇ. "ಹೌದು" ಎಂದೆ. ಯಾರಿಗೂ ಹೇಳಲಿಲ್ಲ.

ಐದಕ್ಕೆ ಕುಸ್ತಿ ಹಿಡಿಯಿತು. ಸಲಾಮಿ ಚೆಂದವಾಯಿತು, ಮಣ್ಣೆತ್ತಿ ಪರಸ್ಪರ ಮೈಗೆ ಎರಚಿಕೊಂಡದ್ದೂ ಚೆಂದವಾಯಿತು. ಆಮೇಲೆ ಹಣೆಗೆ ಹಣೆ ಹಚ್ಚಿ, ಕುತ್ತಿಗೆಗೆ ಕೈ ಹಾಕಿ, ಗಾಣದ ಎತ್ತಿನ ಹಾಗೆ ಸುತ್ತತೊಡಗಿದರು. ಹತ್ತು ನಿಮಿಷಕ್ಕೆ ಒಬ್ಬ ಕಾಲಿಗೆ ಹೋದ, ಇನ್ನೊಬ್ಬ ಹೊಟ್ಟೆಯ ಮೇಲೆ ಮಲಗಿದ, ಮೇಲಿನವನು ಸವಾರಿ ಹಾಕಿ ಕೂತ. ಕೂತೇ ಇದ್ದ. ಹಲಗೆಯವರ ಕೈ ಸೋತಿತು. ಇಪ್ಪತ್ತು ನಿಮಿಷಕ್ಕೆ ಜನ "ನಿಕಾಲಿ ಮಾಡಿ, ನಿಕಾಲಿ ಮಾಡಿ" ಎಂದು ಕೂಗತೊಡಗಿದರು. ಮುವ್ವತ್ತಕ್ಕೆ ನೀರಿನ ಬಾಟಲಿಯೊಂದು ಹಾರಿಬಂತು. ಗೆದ್ದವನಿಗೆ ಹತ್ತು ಸಾವಿರ ಮೇಲೆ ಕೊಡುತ್ತೇನೆಂದು ಮೈಕಿನಲ್ಲಿ ಹೇಳಿಸಿದ್ದ ದಾನಿಗಳು ಎದ್ದು ಹೋದರು. ಪಂಚರು ಐದು ನಿಮಿಷ ಹೆಚ್ಚು ಕೊಟ್ಟು ನೋಡಿ ಕೊನೆಗೆ ಇಬ್ಬರ ಕೈಯನ್ನೂ ಎತ್ತಿದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಯಾರೂ ಬೀಳಲೇ ಇಲ್ಲ. ಮೀಸೆಯಂತೂ ಈಗಿನ ಪೈಲ್ವಾನರಿಗೆ ಇರುವುದೇ ಅಪರೂಪ.

ಉಸ್ತಾದರು ನನ್ನ ಕಡೆ ತಿರುಗಿ, "ನೀನು ಕೋಣೆಗೆ ಹೋಗಿದ್ದೆಯಲ್ಲವೇ?" ಎಂದರು. ತಲೆಯಾಡಿಸಿದೆ. "ನನಗೆ ಹೋಗುವ ಕೆಲಸವಿರಲಿಲ್ಲ. ಬೆರಳು ನೋಡಿದೆ. ಹಿಡಿದವನ ಬೆರಳ ತುದಿ ಬೆಳ್ಳಗಾಗಬೇಕು. ಇಬ್ಬರದೂ ಕೆಂಪಗೇ ಇತ್ತು." ಬೈಯಲಿಲ್ಲ. ತಮ್ಮ ಮೊಣಕಾಲನ್ನು ತಾವೇ ಒತ್ತಿಕೊಳ್ಳುತ್ತ ಕೂತರು. ಅವರಿಗೆ ಮೆಟ್ಟಿಲು ಹತ್ತಲು ಬಾರದೇ ಎಂಟು ವರ್ಷವಾಯಿತು.

ಅಮೆರಿಕದ ಆ ಟಿವಿ ಕುಸ್ತಿಯ ಕಂಪನಿ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾನೇ ಒಪ್ಪಿಕೊಂಡಿತ್ತು. ಕ್ರೀಡಾ ಆಯೋಗದ ಕಟ್ಟುಪಾಡು, ಅದರ ಖರ್ಚು ತಪ್ಪಿಸಿಕೊಳ್ಳಲು ಹೇಳಿದ ಮಾತು. ಆದರೂ ಬಾಯಿಬಿಟ್ಟು ಹೇಳಿದರು, ಆಮೇಲೂ ಜನ ಟಿಕೆಟ್ ಕೊಂಡರು. ನಮ್ಮ ಈ ಇಬ್ಬರು ಹಾಗೆ ಹೇಳಿದರೆ ಮುಂದಿನ ಜಾತ್ರೆಗೆ ಕರೆಯುವವರಿಲ್ಲ. ಹೇಳದೆ ನಿಜವಾಗಿಯೇ ಆಡಿ ಮೊಣಕಾಲು ಮುರಿದುಕೊಂಡರೂ ಕರೆಯುವವರಿಲ್ಲ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬಂದರೆ ಬರಬೇಕಾದದ್ದು ನನ್ನ ಕರಪತ್ರದ ಮೇಲೆ. "ರಣರೋಚಕ ಜಂಗಿ ನಿಕಾಲಿ" ಎಂದು ಬರೆದು ಮೂರು ಆಶ್ಚರ್ಯಸೂಚಕ ಹಾಕಿದವನು ನಾನು. ಆದರೆ ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂತು, ಕೊನೆಗೆ ಸವಾರಿ ನೋಡಿ ಎದ್ದುಹೋದ ಮುದುಕರ ಮುಖವೂ ಕಣ್ಣಮುಂದಿದೆ. ಅವರಿಗೆ ಕೊಟ್ಟ ಮಾತೂ ನನ್ನದೇ ಅಕ್ಷರದಲ್ಲಿತ್ತು.

ಹಣ ಎಣಿಸಿ ಕೊಟ್ಟೆ, 25,000 ಮತ್ತು 25,000. ಕೊಲ್ಲಾಪುರದವನು ಸಹಿ ಮಾಡುವಾಗ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದಿದ್ದ. ಸಹಿಯ ಪಕ್ಕದಲ್ಲಿ ಕೆಮ್ಮಣ್ಣಿನ ಹೆಬ್ಬೆಟ್ಟು ಮೂಡಿದೆ, ಗೆರೆಗೆರೆಯೂ ಕಾಣುವಷ್ಟು ಸ್ಪಷ್ಟವಾಗಿ. ಮಸಿಯ ಸಹಿಗಿಂತ ಅದೇ ಚೆನ್ನಾಗಿದೆ.

ಏಳಕ್ಕೆ ಪಡುವಣದಲ್ಲಿ ಮೋಡ ಕಟ್ಟಿತು. ಕಣದ ಮೇಲೆ ತಾಡಪತ್ರಿ ಹೊದಿಸಲು ಹೋದರೆ ಅಕ್ಕನ ಮಗನೂ ನಮ್ಮ ಮಾಸ್ತರರ ಮಗಳೂ ಒಳಗೆ ತೊಡೆ ತಟ್ಟುತ್ತ ನಿಂತಿದ್ದರು. "ಮಾಮಾ, ಜೋಡಿ ಬರೆದುಕೊಳ್ಳಿ" ಎಂದ. ಬಹುಮಾನಕ್ಕೆ ಉಳಿದಿದ್ದ ಒಂದು ತೆಂಗಿನಕಾಯಿ ಇಟ್ಟೆ. ಅವನು ಟಿವಿಯಲ್ಲಿ ಕಲಿತಂತೆ ಎರಡೂ ಕೈ ಮೇಲೆತ್ತಿ ಕಿರುಚಿದ. ಅವಳು ಮಧ್ಯಾಹ್ನ ಹಳಿಯಾಳದವಳನ್ನು ಕಣ್ಣು ಮಿಟುಕಿಸದೆ ನೋಡಿದ್ದಳೆಂದು ಕಾಣುತ್ತದೆ, ಅವನ ಕೈ ಮೇಲಿರುವಾಗಲೇ ಕಾಲಿಗೆ ಹೋದಳು.

ಮನೆಗೆ ಬರುವ ದಾರಿಯುದ್ದಕ್ಕೂ ಸಮ ಎಂದು ಬರೆಯಿರಿ ಎಂದು ಗೋಗರೆದ. ಅವನ ಅಂಗಿಯ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಕೆಂಪಾಗಿತ್ತು. 43ನೆಯ ಜೋಡಿಯ ಮುಂದೆ ಚಿತ್ ಎಂದೇ ಬರೆದೆ.