ಮುಚ್ಚಳ ತೆಗೆದ ಮೇಲಿನ ಅರ್ಧ ಗಂಟೆ

ಸ್ಥಳೀಯ ಸಂಸ್ಥೆಯೊಂದರ ನೀರು ಸರಬರಾಜು ವಿಭಾಗಕ್ಕೆ ಕಿರಿಯ ಎಂಜಿನಿಯರ್ ಆಗಿ ಸೇರಿ ಆಗ ನನಗೆ ನಾಲ್ಕು ತಿಂಗಳು. ಒಂದು ಬೆಳಿಗ್ಗೆ ದೊಡ್ಡ ಪೈಪ್ ಒಡೆದು ರಸ್ತೆ ತುಂಬ ನೀರು ಹರಿಯುತ್ತಿತ್ತು. ನಿಲ್ಲಿಸಬೇಕಾದರೆ ಅದಕ್ಕಿಂತ ಮೇಲಿನ ವಾಲ್ವ್ ಮುಚ್ಚಬೇಕು. ಅದು ಹತ್ತು ಅಡಿ ಆಳದ ಚೇಂಬರ್‌ನಲ್ಲಿತ್ತು. ಮೇಲಿನಿಂದಲೇ ಉದ್ದನೆಯ ಕೀ ಹಾಕಿ ತಿರುಗಿಸಿ ನೋಡಿದೆವು, ಜಗ್ಗಲಿಲ್ಲ. ಯಾರಾದರೂ ಇಳಿಯಲೇಬೇಕಿತ್ತು.

ನನ್ನ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮನೆಗೆ ನೀರು ನುಗ್ಗಿದವರು, ವಾರ್ಡಿನ ಸದಸ್ಯರು, ಕಚೇರಿಯವರು, ಎಲ್ಲರದೂ ಒಂದೇ ಪ್ರಶ್ನೆ. ಸುತ್ತ ನಿಂತವರು ಬೈಯುತ್ತಿದ್ದರು. ಹಿರಿಯ ವಾಲ್ವ್‌ಮನ್ ಮುಚ್ಚಳ ಸರಿಸಿ ಪಕ್ಕಕ್ಕೆ ಕೂತರು.

‘ಬೇಗ ಇಳೀರಿ ಅಣ್ಣ, ಎರಡು ನಿಮಿಷದ ಕೆಲಸ ಅಲ್ವಾ’ ಎಂದೆ.

‘ಗಾಳಿ ಅಳೆಯೋ ಮೀಟರ್ ಬರಲಿ ಮೇಡಂ.’

‘ಇದು ಕುಡಿಯೋ ನೀರಿನ ಚೇಂಬರ್. ಚರಂಡಿ ಅಲ್ಲ. ವಾಸನೆನೂ ಇಲ್ಲ.’

‘ವಾಸನೆ ಇಲ್ದೇ ಇರೋದೇ ಭಯ’ ಎಂದರು. ಕೂತಲ್ಲಿಂದ ಏಳಲಿಲ್ಲ.

ನನಗೆ ಸಿಟ್ಟು ಬಂತು. ಆದರೂ ಮೀಟರ್ ತರಲು ಜೀಪ್ ಕಳಿಸಿದೆ. ಮೀಟರ್ ಬಂದ ಮೇಲೆ ಅವರು ಅದನ್ನು ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಬಿಟ್ಟರು. ಚೇಂಬರ್ ಬಾಯಿಯ ಹತ್ತಿರ ಆಮ್ಲಜನಕ ಶೇಕಡ 20.9, ಅಂದರೆ ನಾವು ಉಸಿರಾಡುವ ಗಾಳಿಯಷ್ಟೇ. ‘ನೋಡಿ, ಸರಿಯಾಗೇ ಇದೆ’ ಎಂದು ನಾನು ಹೇಳಿಯೂಬಿಟ್ಟೆ. ನಡುವೆ ಬಂದಾಗ 17. ಅಷ್ಟರಲ್ಲಾಗಲೇ ಮೀಟರ್ ಕೂಗಲು ಶುರುಮಾಡಿತ್ತು. 19.5ಕ್ಕಿಂತ ಕೆಳಗೆ ಹೋದರೆ ಅದು ಕೂಗುತ್ತದೆ. ತಳ ಮುಟ್ಟಿದಾಗ 11ರ ಆಸುಪಾಸು.

ನನ್ನ ಬಾಯಿ ಒಣಗಿತು.

ಚೇಂಬರ್ ಒಳಗೆ ವಿಷವೇನೂ ಇರಲಿಲ್ಲ. ಇದ್ದದ್ದು ತುಕ್ಕು. ತಿಂಗಳುಗಟ್ಟಲೆ ಮುಚ್ಚಿದ ಜಾಗದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಗಾಳಿಯ ಆಮ್ಲಜನಕವನ್ನು ತಿನ್ನುತ್ತದೆ. ಕೊಳೆಯುವ ಕಸ, ಕೆಸರು ಇದ್ದರೆ ಇನ್ನೂ ಜಾಸ್ತಿ. ಮನುಷ್ಯನಿಗೆ ಇದು ಗೊತ್ತೇ ಆಗುವುದಿಲ್ಲ. ಉಸಿರು ಕಟ್ಟಿದ ಹಾಗೆ ನಮಗೆ ಅನಿಸುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಆಮ್ಲಜನಕ ಮಾತ್ರ ಕಡಿಮೆಯಾದರೆ ಒದ್ದಾಟವಿಲ್ಲದೆ ಬುದ್ಧಿ ಮಂಕಾಗುತ್ತದೆ, ಕಾಲು ಸೋಲುತ್ತದೆ. ಏಣಿ ಹತ್ತಬೇಕು ಎಂದು ಹೊಳೆಯುವಷ್ಟರಲ್ಲಿ ಕೈಗೆ ಶಕ್ತಿಯೇ ಇರುವುದಿಲ್ಲ. ಚರಂಡಿಯಲ್ಲೂ ಮೂಗನ್ನು ನಂಬುವ ಹಾಗಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹತ್ತಿರ ಹೋದಾಗ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂದುಬಿಡುತ್ತದೆ.

ಬ್ಲೋವರ್‌ನ ಕೊಳವೆಯನ್ನು ತಳದವರೆಗೆ ಬಿಟ್ಟು ಅರ್ಧ ಗಂಟೆ ಗಾಳಿ ಊದಿದೆವು. ಅಷ್ಟೂ ಹೊತ್ತು ಜನರ ಬೈಗುಳ ಕೇಳುತ್ತಾ ನಿಂತೆ. ‘ಸಂಬಳ ತಗೊಂಡು ಸುಮ್ನೆ ನಿಂತಿದ್ದಾರೆ’ ಎಂದು ಒಬ್ಬರು ವಿಡಿಯೊ ಮಾಡಿದರು. ಮೀಟರ್ 20.8 ತೋರಿಸಿದ ಮೇಲೆ ವಾಲ್ವ್‌ಮನ್ ಬೆಲ್ಟ್ ಕಟ್ಟಿಕೊಂಡು, ಮೂರು ಕಾಲಿನ ಸ್ಟ್ಯಾಂಡಿಗೆ ಹಗ್ಗ ಸಿಕ್ಕಿಸಿ ಇಳಿದರು. ಬ್ಲೋವರ್ ಓಡುತ್ತಲೇ ಇತ್ತು. ವಾಲ್ವ್ ಮುಚ್ಚಿ ಹತ್ತು ನಿಮಿಷದಲ್ಲಿ ಮೇಲೆ ಬಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ನನ್ನ ಮಾತು ಕೇಳಿ ಇಳಿದಿದ್ದರೆ? ಅವರು ಬಿದ್ದದ್ದು ಕಂಡು ಮೇಲೆ ನಿಂತಿದ್ದ ಇನ್ನೊಬ್ಬ ಹುಡುಗ ಹಿಂದೆಮುಂದೆ ನೋಡದೆ ಇಳಿಯುತ್ತಿದ್ದ. ಬಹುಶಃ ನಾನೂ ಇಳಿಯುತ್ತಿದ್ದೆ. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇಕಡ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರು ಎಂದು ಅಮೆರಿಕದ ಸುರಕ್ಷತಾ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು. ಅದನ್ನು ಓದಿದ್ದು ಆ ರಾತ್ರಿಯೇ.

ಆ ರಾತ್ರಿ ಓದಿದ ಇನ್ನೊಂದು ಸಾಲು ಈಗಲೂ ನೆನಪಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಪ್ಪಂದದ 13ನೇ ವಿಧಿ: ಜೀವಕ್ಕೆ ಗಂಭೀರ ಅಪಾಯವಿದೆ ಎಂದು ನಂಬಲು ಕಾರಣವಿದ್ದು ಕೆಲಸದಿಂದ ಹಿಂದೆ ಸರಿದವರಿಗೆ ಅದರಿಂದ ತೊಂದರೆಯಾಗಬಾರದು. ಹಿರಿಯ ವಾಲ್ವ್‌ಮನ್ ಇದನ್ನು ಓದಿರಲಿಲ್ಲ. ಮೇಲಿನವರು ಸಿಟ್ಟಾಗಿದ್ದರೂ ಕದಲದೆ ಕೂತಿದ್ದರು. ಅವರ ಬದಲು ಕೆಲಸ ಕಾಯಂ ಆಗದ ಹುಡುಗ ಇದ್ದಿದ್ದರೆ ನನ್ನೆದುರು ‘ಇಲ್ಲ’ ಎನ್ನುವ ಧೈರ್ಯ ಅವನಿಗೆ ಬರುತ್ತಿತ್ತೇ? ಇದು ನನ್ನನ್ನು ತುಂಬಾ ದಿನ ಕಾಡಿತು.

ಮರುದಿನ ಇದನ್ನು ಅಪಘಾತದ ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ ಎಂದಾಗ ಕಚೇರಿಯಲ್ಲಿ ಒಬ್ಬರು ‘ಏನೂ ಆಗಿಲ್ವಲ್ಲ, ಯಾಕೆ ಮೈಮೇಲೆ ಎಳ್ಕೊಳ್ತೀರಿ’ ಎಂದರು. ಕಾಳಜಿಯಿಂದಲೇ ಹೇಳಿದ್ದು. ಆದರೆ ಏನೂ ಆಗದೇ ಇದ್ದಾಗ ಬರೆಯದಿದ್ದರೆ, ಬರೆಯಲು ಸಿಗುವುದು ಸಾವು ಮಾತ್ರ. ‘ಕಾರಣ’ ಎಂಬ ಕಾಲಂನಲ್ಲಿ ತುಕ್ಕು, ಗಾಳಿ ಎಂದಷ್ಟೇ ಬರೆದು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ‘ಫೋನ್ ಕರೆಗಳ ಒತ್ತಡದಲ್ಲಿ ಪರೀಕ್ಷೆ ಮಾಡದೆ ಇಳಿಯಲು ನಾನು ಹೇಳಿದೆ’ ಎಂದು ಬರೆದು ಸಹಿ ಹಾಕಿದೆ.

ಈಗ ನಮ್ಮ ಜೀಪಿನಲ್ಲಿ ಚಾರ್ಜ್ ಆದ ಮೀಟರ್ ಇಲ್ಲದೆ ಗಾಡಿ ಹೊರಡುವುದಿಲ್ಲ. ಚೇಂಬರ್ ಬಾಯಿಯಲ್ಲಿ ನಿಂತು ಕಾಯುವವರ ಹತ್ತಿರ ಫೋನ್ ಇರುವುದಿಲ್ಲ. ಮುಚ್ಚಳ ಸರಿಸಿದ ಮೇಲೆ ಹಿರಿಯರು ನನ್ನ ಕಡೆ ಕೈ ಚಾಚುತ್ತಾರೆ. ನಾನು ಫೋನ್ ಕೊಡುತ್ತೇನೆ. ಅದು ಡ್ರೈವರ್ ಜೇಬಿಗೆ ಹೋದ ಮೇಲೆ ಮೀಟರ್ ಹಗ್ಗ ಕೆಳಗಿಳಿಯುತ್ತದೆ.