ದೊಡ್ಡ ಯುಪಿಎಸ್, ಸಣ್ಣ ಲೋಡ್

ಮನೆಗಳಿಗೆ ಆಟೊಮೇಷನ್, ಭದ್ರತಾ ವ್ಯವಸ್ಥೆ ಅಳವಡಿಸುವ ನಮ್ಮ ಕಂಪನಿಯ ಬಿಒಕ್ಯೂಗಳಲ್ಲಿ (ಸಾಮಗ್ರಿಗಳ ಪ್ರಮಾಣಪಟ್ಟಿಗಳಲ್ಲಿ) ಬ್ಯಾಟರಿಗೆ ಸಿಗುವುದು ಕೊನೆಯ ಸಾಲು. ಕ್ಯಾಮೆರಾಗಳ ಮಾದರಿ, ಸ್ವಿಚ್ ಪ್ಯಾನೆಲ್‌ಗಳ ಬಣ್ಣ, ಪರದೆ ಮೋಟಾರುಗಳ ಟಾರ್ಕ್ ಎಲ್ಲಕ್ಕೂ ಪುಟಗಟ್ಟಲೆ ವಿವರ ಇರುತ್ತದೆ. ಅದೆಲ್ಲ ಮುಗಿದ ಮೇಲೆ ‘ಯುಪಿಎಸ್ – 1’ ಎಂದು ಬರೆದು ಮಾರಾಟ ವಿಭಾಗದವರು ಕೈತೊಳೆದುಕೊಳ್ಳುತ್ತಾರೆ. ಎಷ್ಟು ವ್ಯಾಟಿಗೆ, ಎಷ್ಟು ಹೊತ್ತಿಗೆ, ಯಾವ ಉಪಕರಣಗಳಿಗೆ ಎಂದು ಕೇಳಿದರೆ ‘ಸೈಟಿನಲ್ಲಿ ನೋಡಿಕೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೈಟಿನಲ್ಲಿ ನೋಡಿಕೊಳ್ಳುವವನು ನಾನು. ಹಾಗೆ ನೋಡಿಕೊಂಡ ಒಂದು ಮನೆಯ ಹ್ಯಾಂಡೋವರ್ ನೆನಪಾದರೆ ಈಗಲೂ ಮನಸ್ಸು ಚುರುಕ್ಕೆನ್ನುತ್ತದೆ.

ಆ ಮನೆಯಲ್ಲಿ ಬ್ಯಾಕಪ್ಪಿನ ಹೊಣೆ ಮೂರು ಹೋಳಾಗಿತ್ತು. ಅಲಾರಂ ಪ್ಯಾನೆಲ್ಲಿಗೆ ಅದರ ಪೆಟ್ಟಿಗೆಯೊಳಗೇ 12 ವೋಲ್ಟ್, 7 ಆಂಪಿಯರ್-ಅವರ್ ಸೀಸ-ಆಮ್ಲ ಬ್ಯಾಟರಿ. ಎನ್‌ವಿಆರ್ (ಕ್ಯಾಮೆರಾ ಚಿತ್ರಗಳ ರೆಕಾರ್ಡರ್), ನೆಟ್‌ವರ್ಕ್ ತಂತಿಯಲ್ಲೇ ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್, ಕ್ಯಾಮೆರಾಗಳು ವಿದ್ಯುತ್ ಗುತ್ತಿಗೆದಾರರು ಹಾಕಿದ ಇನ್ವರ್ಟರಿನ ಮೇಲೆ. ನನ್ನ ಪಾಲಿಗೆ ಉಳಿದದ್ದು ಒಎನ್‌ಟಿ (ಫೈಬರ್ ಇಂಟರ್ನೆಟ್ಟಿನ ಪೆಟ್ಟಿಗೆ), ರೂಟರ್ ಮತ್ತು ಸೆನ್ಸರುಗಳನ್ನೆಲ್ಲ ಒಂದೆಡೆ ಸೇರಿಸುವ ಆಟೊಮೇಷನ್ ಹಬ್. ಮೂರೂ ಸೇರಿ ಇಪ್ಪತ್ತು ವ್ಯಾಟ್ ಆಸುಪಾಸು. ಆ ಮನೆಯ ಬಿಒಕ್ಯೂನಲ್ಲಿ ಗಾತ್ರವೂ ಇತ್ತು: 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್. ನಾನು ಪ್ರಾಜೆಕ್ಟ್ ಮ್ಯಾನೇಜರ್ ಜೊತೆ ಜಗಳವಾಡಿ ಅದನ್ನು 1500 ವಿಎಗೆ ಏರಿಸಿದೆ. ಒಳಗೆ ಎರಡು ಬ್ಯಾಟರಿಗಳು, ಲೆಕ್ಕಕ್ಕೆ ಇನ್ನೂರು ವ್ಯಾಟ್-ಅವರ್‌ಗಿಂತ ಹೆಚ್ಚು. ಇಷ್ಟು ಚಿಕ್ಕ ಲೋಡಿಗೆ ಇಷ್ಟು ದೊಡ್ಡ ಯುಪಿಎಸ್ ಇದ್ದರೆ ತಪ್ಪಾಗುವುದಾದರೂ ಏನು ಎಂಬುದು ನನ್ನ ವಾದ. ಮಾಲೀಕರಿಗೆ ‘ನಾಲ್ಕೈದು ಗಂಟೆ ಖಂಡಿತ ಬರುತ್ತದೆ’ ಎಂದು ಬಾಯಿತುಂಬ ಹೇಳಿಯೂ ಬಿಟ್ಟಿದ್ದೆ.

ಹ್ಯಾಂಡೋವರ್ ದಿನ ಮನೆಯವರೆಲ್ಲ ಹಜಾರದಲ್ಲಿ ಸೇರಿದ್ದರು. ಅವರು ಮರುದಿನವೇ ದೀರ್ಘ ಪ್ರವಾಸಕ್ಕೆ ಹೊರಡುವವರು. ಮನೆ ಖಾಲಿ ಇರುವಾಗ ಕರೆಂಟ್ ಹೋದರೆ ಏನಾಗುತ್ತದೆ ಎಂಬುದಷ್ಟೇ ಅವರಿಗೆ ಬೇಕಾಗಿತ್ತು. ‘ತೋರಿಸಿಯೇ ಬಿಡೋಣ’ ಎಂದು ನಾನು ಡಿಬಿ (ವಿದ್ಯುತ್ ಹಂಚಿಕೆ ಪೆಟ್ಟಿಗೆ) ತೆರೆದು ಮೇನ್ ಸ್ವಿಚ್ ಇಳಿಸಿದೆ. ದೀಪಗಳು ಆರಿದವು. ಮೊಬೈಲಿನಲ್ಲಿ ಕ್ಯಾಮೆರಾ ಚಿತ್ರಗಳು ತಡೆಯಿಲ್ಲದೆ ಬರುತ್ತಲೇ ಇದ್ದವು. ಹಬ್ಬಿನ ಹಸಿರು ದೀಪ ಉರಿಯುತ್ತಲೇ ಇತ್ತು. ಮಾಲೀಕರ ಮುಖದಲ್ಲಿ ನಗು ಕಂಡಿತು, ಸಹಿಗಾಗಿ ನಾನು ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದೆ.

ಆಗ ಅವರ ಮಗಳು ಸುಮ್ಮನೆ ಹೋಗಿ ಹಿತ್ತಿಲ ಬಾಗಿಲು ತೆರೆದಳು. ಆ್ಯಪ್‌ನಲ್ಲಿ ‘ಹಿತ್ತಿಲ ಬಾಗಿಲು: ಮುಚ್ಚಿದೆ’ ಎಂದೇ ಇತ್ತು. ಅವಳು ಮುಚ್ಚಿದಳು, ಮತ್ತೆ ತೆರೆದಳು. ಆ್ಯಪ್ ಪಟ್ಟು ಬಿಡಲಿಲ್ಲ. ‘ಸಿಂಕ್ ಆಗಲು ಸ್ವಲ್ಪ ಸಮಯ ಬೇಕು’ ಎಂದೆ. ಅದು ಸುಳ್ಳೆಂದು ನನಗೂ ಗೊತ್ತಿತ್ತು, ಪಕ್ಕದಲ್ಲಿದ್ದ ಕಮಿಷನಿಂಗ್ ಎಂಜಿನಿಯರಿಗೂ ಗೊತ್ತಿತ್ತು. ಅವನು ಲ್ಯಾಪ್‌ಟಾಪ್ ತೆರೆದು ಮೆಶ್ ನಕ್ಷೆ (ಯಾವ ಸಾಧನ ಯಾವುದರ ಮೂಲಕ ಹಬ್ಬಿಗೆ ಸೇರುತ್ತದೆ ಎಂಬುದರ ನಕ್ಷೆ) ನೋಡಲು ಕುಳಿತ. ಅಷ್ಟರಲ್ಲಿ ರ‍್ಯಾಕಿನ ಕಡೆಯಿಂದ ‘ಟಕ್’ ಎಂಬ ಸದ್ದು ಬಂತು.

ಯುಪಿಎಸ್ ಆರಿತ್ತು. ಅದರೊಂದಿಗೆ ಹಬ್, ರೂಟರ್, ಒಎನ್‌ಟಿ ಮೂರೂ. ಕ್ಯಾಮೆರಾಗಳಿಗೆ ಕರೆಂಟ್ ಇದ್ದರೂ ಹೊರಗೆ ಹೋಗುವ ದಾರಿ ಇಲ್ಲದೆ ಮೊಬೈಲಿನ ಚಿತ್ರಗಳೆಲ್ಲ ಒಂದೊಂದಾಗಿ ಕಪ್ಪಾದವು. ನಾನು ಗುಂಡಿ ಒತ್ತಿದೆ. ಯುಪಿಎಸ್ ಮರುಮಾತಿಲ್ಲದೆ ಎದ್ದಿತು, ಪರದೆಯ ಮೇಲೆ ಬ್ಯಾಟರಿ ಪಟ್ಟಿ ಪೂರ್ತಿ ತುಂಬಿ ತೋರಿಸಿತು. ಒಎನ್‌ಟಿ ಬೂಟ್ ಆಗಿ, ರೂಟರ್ ಎದ್ದು, ಆ್ಯಪ್ ಸೇರಿಕೊಳ್ಳುವವರೆಗೆ ಆ ಹಜಾರದಲ್ಲಿ ಯಾರೂ ಮಾತನಾಡಲಿಲ್ಲ. ಕೊನೆಗೊಮ್ಮೆ ಚಿತ್ರ ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ‘ಟಕ್’.

‘ನಾಲ್ಕೈದು ಗಂಟೆ ಎಂದಿರಲ್ಲವೇ?’ ಎಂದು ಮಾಲೀಕರು ಕೇಳಿದ್ದು ತೀರ ಮೆಲ್ಲನೆ. ಜೋರಾಗಿ ಬೈದಿದ್ದರೆ ವಾಸಿಯಿತ್ತು.

ಬ್ಯಾಟರಿ ಕೆಟ್ಟಿದೆ, ಪೀಸ್ ಬದಲಿಸಬೇಕು ಎಂದು ನಾನು ಆಗಲೇ ತೀರ್ಮಾನಿಸಿ ಉಗ್ರಾಣಕ್ಕೆ ಕರೆ ಮಾಡಿ ಕೂಗಾಡಿದ್ದೆ. ಎಂಜಿನಿಯರ್ ಕೈಪಿಡಿಯ ಕೊನೆಯ ಪುಟಗಳನ್ನು ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಬ್ಯಾಟರಿಯ ಮೇಲೆ ಓಡುವಾಗ ಲೋಡ್ ತೀರಾ ಕಡಿಮೆ ಇದ್ದರೆ, ಯಾವ ಉಪಕರಣವೂ ಬಳಕೆಯಲ್ಲಿಲ್ಲ ಎಂದು ಭಾವಿಸಿ ಕೆಲವು ನಿಮಿಷಗಳಲ್ಲಿ ತಾನಾಗಿ ಆರಿಹೋಗುವ ‘ಗ್ರೀನ್ ಮೋಡ್’ ಆ ಮಾದರಿಯಲ್ಲಿತ್ತು. ಅದು 900 ವ್ಯಾಟ್ ಹೊರುವ ಯಂತ್ರ; ನಾವು ಕೊಟ್ಟದ್ದು ಇಪ್ಪತ್ತು ವ್ಯಾಟ್, ಶೇಕಡಾ ಎರಡೂಕಾಲರಷ್ಟು. ಬಿಒಕ್ಯೂನ ಆ 600 ವಿಎ ಡಬ್ಬಿಯನ್ನೇ ಹಾಕಿದ್ದರೆ ಬಹುಶಃ ಅವಧಿ ಕಡಿಮೆಯಾಗುತ್ತಿತ್ತು, ಆದರೆ ಹೀಗೆ ಮಧ್ಯದಲ್ಲಿ ಕೈಕೊಡುತ್ತಿರಲಿಲ್ಲ. ಮಾರಾಟ ವಿಭಾಗದವರು ಲೆಕ್ಕ ಹಾಕದೆ ಬರೆದ ಸಾಲು ನಾನು ಲೆಕ್ಕ ಹಾಕಿ ಬದಲಿಸಿದ ಸಾಲಿಗಿಂತ ಸರಿಯಾಗಿತ್ತು ಎಂಬುದನ್ನು ಅವರಿಗೆ ನಾನು ಇಂದಿಗೂ ಹೇಳಿಲ್ಲ.

ಆ ಮೋಡನ್ನು ನಿಲ್ಲಿಸುವ ಗುಂಡಿ-ಸಂಯೋಜನೆಯೂ ಕೈಪಿಡಿಯಲ್ಲಿ ಇತ್ತು. ನಿಲ್ಲಿಸಿದೆವು. ಆದರೂ ಆ ಯುಪಿಎಸ್ ನನ್ನ ಮನಸ್ಸಿನಿಂದ ಇಳಿದುಹೋಯಿತು. ಇನ್ವರ್ಟರ್ ಭಾಗಕ್ಕೇ ಹತ್ತಿಪ್ಪತ್ತು ವ್ಯಾಟ್ ಖರ್ಚಿದೆ: ಬ್ಯಾಟರಿಯ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾಡುವುದು, ಅದನ್ನು ರೂಟರಿನ ಅಡಾಪ್ಟರ್ ಮತ್ತೆ 12 ವೋಲ್ಟ್ ನೇರ ವಿದ್ಯುತ್ತಾಗಿ ಇಳಿಸುವುದು. ಇಪ್ಪತ್ತು ವ್ಯಾಟ್ ಲೋಡನ್ನು ಹೊರಲು ಮೂವತ್ತೈದು, ನಲವತ್ತು ವ್ಯಾಟ್ ಸುಡುವ ವ್ಯವಹಾರ ಅದು. ಈಗ ಇಂಥ ಸಣ್ಣ ಲೋಡಿಗೆ ನಾನು ಡಿಸಿ ಯುಪಿಎಸ್ ಹಾಕಿಸುತ್ತೇನೆ. 12.8 ವೋಲ್ಟ್, 12 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಎಂದರೆ 150 ವ್ಯಾಟ್-ಅವರ್ ಚಿಲ್ಲರೆ. ನಷ್ಟ ಕಳೆದರೂ ಅದೇ ಮೂರು ಉಪಕರಣಗಳು ಆರೂವರೆ ಗಂಟೆ ಸಲೀಸಾಗಿ ಓಡುತ್ತವೆ. ಹೊರಬರುವ ವೋಲ್ಟೇಜ್ ನಿಯಂತ್ರಿತವಾಗಿದೆಯೇ ಎಂದು ಮಾತ್ರ ನೋಡಲೇಬೇಕು. ಚಾರ್ಜ್ ಆಗುವಾಗ ಆ ಪ್ಯಾಕ್ 14.4 ವೋಲ್ಟ್‌ವರೆಗೆ ಏರುತ್ತದೆ. ಅದನ್ನು ನೇರವಾಗಿ ರೂಟರಿಗೆ ಸೇರಿಸಿ ರೂಟರ್ ಸುಟ್ಟುಕೊಂಡವರ ಕರೆಗಳೂ ನಮ್ಮ ಸರ್ವೀಸ್ ಡೆಸ್ಕಿಗೆ ಬರುತ್ತವೆ.

ಇನ್ನು ಆ ಹಿತ್ತಿಲ ಬಾಗಿಲು. ನಿಜ ಹೇಳಬೇಕೆಂದರೆ ಯುಪಿಎಸ್‌ಗಿಂತ ಅದೇ ದೊಡ್ಡ ಎಡವಟ್ಟು, ಯುಪಿಎಸ್ ಗಲಾಟೆಯಲ್ಲಿ ಮರೆಯಾಗಿ ಹೋಗುವುದಿತ್ತು. ಮೆಶ್ ನಕ್ಷೆಯಲ್ಲಿ ಆ ಸೆನ್ಸರಿನಿಂದ ಹೊರಟ ಗೆರೆ ನೇರವಾಗಿ ಹಬ್ಬಿಗೆ ಬರುತ್ತಿರಲಿಲ್ಲ. ಪಡಸಾಲೆಯ ಸ್ಮಾರ್ಟ್ ಪ್ಲಗ್ಗಿಗೆ ಹೋಗಿ, ಅಲ್ಲಿಂದ ಹಬ್ಬಿಗೆ ಬರುತ್ತಿತ್ತು. ಜಿಗ್ಬಿಯಲ್ಲಿ (ಈ ಸಾಧನಗಳು ಮಾತಾಡಿಕೊಳ್ಳುವ ನಿಸ್ತಂತು ಜಾಲದಲ್ಲಿ) ಬ್ಯಾಟರಿ ಸೆನ್ಸರುಗಳು ಬೇರೆಯವರ ಸಂದೇಶ ಸಾಗಿಸುವುದಿಲ್ಲ. ಆ ಕೆಲಸ ಕರೆಂಟಿನಿಂದ ಓಡುವ ಪ್ಲಗ್, ಬಲ್ಬ್, ರಿಲೇಗಳದ್ದು. ಮೇನ್ ಇಳಿಸಿದ ಕ್ಷಣ ಇವೆಲ್ಲ ಒಟ್ಟಿಗೇ ಸಾಯುತ್ತವೆ. ಹಬ್ ಜೀವಂತ, ಸೆನ್ಸರ್ ಜೀವಂತ, ನಡುವಿನ ಸೇತುವೆ ಮಾತ್ರ ಮಾಯ. ಬ್ಯಾಟರಿ ಸೆನ್ಸರ್ ಗಂಟೆಗಟ್ಟಲೆ ಮೌನವಾಗಿರುವುದು ಸಹಜವಾದ್ದರಿಂದ ಹಬ್ಬೂ ಅದನ್ನು ಕೂಡಲೇ ‘ಸಂಪರ್ಕವಿಲ್ಲ’ ಎಂದು ಗುರುತಿಸುವುದಿಲ್ಲ. ಕೊನೆಯ ಬಾರಿ ತಿಳಿದದ್ದನ್ನೇ ತೋರಿಸುತ್ತಾ ಕೂರುತ್ತದೆ. ಅಂದರೆ ಕರೆಂಟ್ ಹೋದ ಹೊತ್ತಿನಲ್ಲಿ, ಕಳ್ಳನಿಗೆ ಅತ್ಯಂತ ಅನುಕೂಲವಾದ ಹೊತ್ತಿನಲ್ಲಿ, ಮನೆ ಭದ್ರವಾಗಿದೆ ಎಂದು ಆ್ಯಪ್ ಆಣೆ ಮಾಡಿ ಹೇಳುತ್ತಿರುತ್ತದೆ.

ಇದಕ್ಕೆ ಎಷ್ಟೇ ದೊಡ್ಡ ಬ್ಯಾಟರಿ ತಂದರೂ ಪರಿಹಾರವಿಲ್ಲ. ಆ ಮನೆಯಲ್ಲಿ ಸಂದೇಶ ಮುಂದೆ ಸಾಗಿಸುವ ಒಂದು ರಿಪೀಟರನ್ನು ಬ್ಯಾಕಪ್ ಸಾಲಿಗೆ ಸೇರಿಸಿದೆವು. ಹೊರಬಾಗಿಲುಗಳ ಕಾಂಟ್ಯಾಕ್ಟುಗಳನ್ನು (ಬಾಗಿಲು ತೆರೆದದ್ದನ್ನು ತಿಳಿಸುವ ಸ್ವಿಚ್‌ಗಳನ್ನು) ತಂತಿ ಎಳೆದು ಅಲಾರಂ ಪ್ಯಾನೆಲ್ಲಿಗೇ ಕೊಟ್ಟೆವು. ಗೋಡೆಗೆ ಬಣ್ಣ ಹೊಡೆದು ಮುಗಿದ ಮೇಲೆ ತಂತಿ ಎಳೆಯುವುದು ಎಷ್ಟು ಮಂದಿಯ ಬೈಗುಳ ತಿನ್ನುವ ಕೆಲಸ ಎಂಬುದು ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು.

ಅಂದಿನಿಂದ ನಾನು ಸೈಟಿಗೆ ಹೋದರೆ ಮೊದಲು ಕೇಳುವುದು ಬ್ಯಾಟರಿ ಎಷ್ಟು ದೊಡ್ಡದು ಎಂದಲ್ಲ, ಕತ್ತಲಾದ ಮೇಲೆ ಏನೇನು ಉಸಿರಾಡುತ್ತಿರಬೇಕು ಎಂದು. ಅಲಾರಂ ಪ್ಯಾನೆಲ್ಲಿಗೆ ಇದಕ್ಕೆ ಸಿದ್ಧ ಉತ್ತರಗಳಿವೆ. ಯುರೋಪಿನ ಇಎನ್ 50131 ಮಾನದಂಡ ಎರಡನೇ ಗ್ರೇಡಿನ ವ್ಯವಸ್ಥೆಗೆ 12 ಗಂಟೆ ಕೇಳುತ್ತದೆ. ಬೆಂಕಿ ಅಲಾರಮ್ಮಿಗೆ ಅಮೆರಿಕದ ಎನ್‌ಎಫ್‌ಪಿಎ 72 ಹೇಳುವುದು 24 ಗಂಟೆ ಕಾದ ಮೇಲೂ 5 ನಿಮಿಷ ಗಂಟೆ ಬಾರಿಸುವಷ್ಟು ಶಕ್ತಿ ಉಳಿದಿರಬೇಕು ಎಂದು. ಕಾಯುವುದು ಬೇರೆ, ಕೂಗುವುದು ಬೇರೆ ಎಂಬ ಈ ಲೆಕ್ಕ ನನಗೆ ಇಷ್ಟ. ಮನೆಯ ಆಟೊಮೇಷನ್‌ಗೆ ಹಾಗೆ ಬರೆದಿಡುವ ಅಭ್ಯಾಸ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ.

ಲೆಕ್ಕ ಹಾಕುವಾಗ ಎಡವುವುದು ಸಾಮಾನ್ಯವಾಗಿ ಬೀಗದಲ್ಲಿ. ಪ್ಯಾನೆಲ್, ಕೀಪ್ಯಾಡ್, ಚಲನೆ ಪತ್ತೆ ಮಾಡುವ ಪಿಐಆರ್, ಮೊಬೈಲ್ ಜಾಲದ ಜಿಎಸ್‌ಎಂ ಘಟಕ ಎಲ್ಲ ಸೇರಿ 0.4 ಆಂಪಿಯರ್ ಎಂದುಕೊಳ್ಳಿ. 7 ಆಂಪಿಯರ್-ಅವರ್ ಬ್ಯಾಟರಿಗೆ ವಯಸ್ಸಾಗುವುದನ್ನು ಲೆಕ್ಕಕ್ಕೆ ಹಿಡಿದು ಶೇಕಡಾ ಎಂಬತ್ತೆಂದರೂ 14 ಗಂಟೆ. ಅದೇ ಪವರ್ ಸಪ್ಲೈಗೆ ಒಂದು ಮ್ಯಾಗ್ನೆಟಿಕ್ ಲಾಕ್ ಸೇರಿಸಿದರೆ ಅದೊಂದೇ ಅರ್ಧ ಆಂಪಿಯರ್ ಎಳೆಯುತ್ತದೆ, ಹಗಲೂ ರಾತ್ರಿ. ಹದಿನಾಲ್ಕು ಗಂಟೆ ಆರಕ್ಕೆ ಇಳಿಯುತ್ತದೆ. ಬ್ಯಾಟರಿ ಮುಗಿದಾಗ ಆ ಲಾಕ್ ಬಾಗಿಲನ್ನು ಬಿಟ್ಟುಕೊಡುತ್ತದೆ ಎಂಬುದು ಬೇರೆ. ಡಬ್ಬಿಯ ಮೇಲಿನ 7 ಎಂಬ ಅಂಕಿಯೂ ಇಪ್ಪತ್ತು ಗಂಟೆ ನಿಧಾನವಾಗಿ ಹೀರಿದರೆ ಮಾತ್ರ ಸಿಗುವಂಥದ್ದು. ಒಂದೇ ಗಂಟೆಯಲ್ಲಿ ಹೀರಲು ಹೋದರೆ ಮೂರನೇ ಎರಡು ಪಾಲಿಗಿಂತ ಹೆಚ್ಚು ಕೈಗೆ ಬರುವುದೇ ಇಲ್ಲ.

ಕ್ಯಾಮೆರಾಗಳದ್ದು ಇನ್ನೊಂದು ತಮಾಷೆ. ಹ್ಯಾಂಡೋವರ್ ಪರೀಕ್ಷೆ ನಡೆಯುವುದು ಹಗಲಿನಲ್ಲಿ. ಹಗಲಿನಲ್ಲಿ ಐದು ವ್ಯಾಟ್ ಎಳೆಯುವ ಕ್ಯಾಮೆರಾ ಕತ್ತಲಾಗಿ ಐಆರ್ (ಅತಿಗೆಂಪು) ದೀಪ ಹೊತ್ತಿಕೊಂಡ ಮೇಲೆ ಎಂಟೊಂಬತ್ತಕ್ಕೆ ಏರುತ್ತದೆ. ಎಂಟು ಕ್ಯಾಮೆರಾಗಳ ಮನೆಯಲ್ಲಿ ಹಗಲಿನ ನಲವತ್ತು ವ್ಯಾಟ್ ರಾತ್ರಿ ಎಪ್ಪತ್ತಾಗುತ್ತದೆ. ಹಾಗಾಗಿ ಲೆನ್ಸಿಗೆ ಕಪ್ಪು ಟೇಪ್ ಅಂಟಿಸಿ ಐಆರ್ ಹೊತ್ತಿಸಿ ಅಳೆಯುತ್ತೇನೆ. ಪ್ರಾಜೆಕ್ಟ್ ಮ್ಯಾನೇಜರ್ ಇದನ್ನು ‘ಟೇಪ್ ಪೂಜೆ’ ಎನ್ನುತ್ತಾರೆ. ಅನ್ನಲಿ.

ಹಳೆಯ ಸೈಟುಗಳಿಗೆ ಎಎಂಸಿಗೆ (ವಾರ್ಷಿಕ ನಿರ್ವಹಣೆಗೆ) ಹೋಗುವ ಹುಡುಗರ ವರದಿಗಳನ್ನು ಓದುವಾಗ ಮೈ ಉರಿಯುವುದೂ ಇದೇ ಕಾರಣಕ್ಕೆ. ‘ಬ್ಯಾಟರಿ 13.6 ವೋಲ್ಟ್, ಸರಿ ಇದೆ’ ಎಂದು ಬರೆದಿರುತ್ತಾರೆ. ಚಾರ್ಜರ್ ಸಂಪರ್ಕದಲ್ಲಿರುವಾಗ ಮೀಟರ್ ತೋರಿಸುವುದು ಚಾರ್ಜರಿನ ವೋಲ್ಟೇಜನ್ನು. ಸಲ್ಫೇಟ್ ಕಟ್ಟಿ ಸತ್ತ ಬ್ಯಾಟರಿಯೂ ಆಗ 13.6 ತೋರಿಸುತ್ತದೆ, ಮೇನ್ ಇಳಿಸಿ ಸೈರನ್ ಬಾರಿಸಿದರೆ ಕಣ್ಣೆದುರೇ 9ಕ್ಕೆ ಕುಸಿಯುತ್ತದೆ. ಬಿಸಿ ಅಟ್ಟದ ಮೇಲಿಟ್ಟ ಪ್ಯಾನೆಲ್‌ಗಳಲ್ಲಿ ಇದು ಇನ್ನೂ ಬೇಗ: 25 ಡಿಗ್ರಿಯ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆಲ್ಲ ಸೀಸ-ಆಮ್ಲ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಲೋಡ್ ಪರೀಕ್ಷೆಯ ಅಂಕಣವನ್ನು ವರದಿ ನಮೂನೆಯಲ್ಲಿ ಸೇರಿಸಿ ಎಂದು ಮೇಲಿನವರಿಗೆ ಬರೆದೆ. ನಮೂನೆ ಈಗ ಟ್ಯಾಬಿನಲ್ಲಿದೆ, ಬದಲಿಸಲು ಸಾಫ್ಟ್‌ವೇರ್ ತಂಡದ ಟಿಕೆಟ್ ಬೇಕು, ಟಿಕೆಟ್ ತೆರೆದೇ ಇದೆ.

ಈ ನಡುವೆ ಮಾರಾಟ ವಿಭಾಗ ಹೊಸ ಉತ್ಸಾಹದಲ್ಲಿದೆ: ಅಲಾರಂ ಪ್ಯಾನೆಲ್‌ಗಳಲ್ಲೂ ಸೀಸ-ಆಮ್ಲ ತೆಗೆದು ಅದೇ ಅಳತೆಯ ಲಿಥಿಯಂ ಹಾಕೋಣ, ಹಗುರ, ಬಾಳಿಕೆ ಹೆಚ್ಚು ಎಂದು. ಎರಡೂ ಮಾತು ನಿಜ. ಆದರೆ ಪ್ಯಾನೆಲ್ ‘ಬ್ಯಾಟರಿ ಕಡಿಮೆ’ ಎಂದು ಎಚ್ಚರಿಸುವುದು ಸೀಸ-ಆಮ್ಲದ ವೋಲ್ಟೇಜ್ ಮೆಲ್ಲಮೆಲ್ಲನೆ ಇಳಿಯುವುದನ್ನು ನಂಬಿಕೊಂಡು. ಲಿಥಿಯಂ ಐರನ್ ಫಾಸ್ಫೇಟ್ ಕೊನೆಯವರೆಗೂ 13ರ ಆಸುಪಾಸಿನಲ್ಲೇ ನಿಂತಿದ್ದು ಥಟ್ಟನೆ ಕುಸಿಯುತ್ತದೆ, ಪ್ಯಾಕಿನೊಳಗಿನ ರಕ್ಷಣಾ ಸರ್ಕ್ಯೂಟ್ ಬಿಎಂಎಸ್ ಸಂಪರ್ಕ ಕಡಿದುಹಾಕುತ್ತದೆ. ಎಚ್ಚರಿಕೆಯ ಸಂದೇಶ ಹೊರಡುವಷ್ಟರಲ್ಲಿ ಪ್ಯಾನೆಲ್ಲೇ ಆರಿರುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಗ್ಯಾರೇಜಿನಲ್ಲಿಟ್ಟರೆ ಅದನ್ನು ಚಾರ್ಜ್ ಮಾಡುವಂತೆಯೂ ಇಲ್ಲ. ಪ್ಯಾನೆಲ್ ತಯಾರಕರು ಆ ಮಾದರಿಗೆ ಲಿಥಿಯಂ ಆಗುತ್ತದೆ ಎಂದು ಲಿಖಿತವಾಗಿ ಕೊಟ್ಟರೆ ಹಾಕುತ್ತೇನೆ ಎಂದು ಹೇಳಿದ್ದೇನೆ. ಪತ್ರ ಇನ್ನೂ ಬಂದಿಲ್ಲ, ಮುಂದಿನ ಕೊಟೇಶನ್ನಿನಲ್ಲಿ ಮಾತ್ರ ಲಿಥಿಯಂ ಆಗಲೇ ಸೇರಿಕೊಂಡಿದೆ.