ಸಂಜೆ ಏಳರ ಸದ್ದು

ಬೆಂಗಳೂರಿಗೆ ಓದಲು ಹೋದವರಿಗೆ ಮನೆ ನೆನಪಾದರೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ನನ್ನ ಕಥೆ ಕೇಳಿದರೆ ನಗುತ್ತಾರೆ. ನಮ್ಮದು ಶಹಾಪುರ ದಾಟಿ ಸುರಪುರ ರಸ್ತೆಯಲ್ಲಿ ಒಂದು ಹಳ್ಳಿ, ನಾನು ಬಿ.ಎಸ್ಸಿ. ಸೇರಿದ್ದು ಕಲಬುರಗಿಯಲ್ಲಿ. ಬಸ್ ಹತ್ತಿದರೆ ಶಹಾಪುರ, ಜೇವರ್ಗಿ, ಕಟ್ಟಿಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ, ಆಮೇಲೆ ಕಲಬುರಗಿ, ಅಷ್ಟೇ. "ಇಷ್ಟು ದೂರಕ್ಕ ಅಳ್ತಾರೇನಲೇ?" ಅಂತ ನಮ್ಮ ಕಾಕಾ ಕೇಳಿದ್ದರು. ಅಳ್ತಾರೆ ಕಾಕಾ. ಹತ್ತಿರ ಇದ್ದರೇ ಜಾಸ್ತಿ ಅಳು ಬರೋದು, ಯಾಕೆ ಅಂದರೆ ಮುಂದಿನ ಬಸ್ಸಿಗೆ ವಾಪಸ್ ಹೋಗಬಹುದು ಅನ್ನೋದು ತಲೆಯಲ್ಲಿ ಸದಾ ಕೊರೀತಾ ಇರುತ್ತದೆ.

ಮೊದಲ ಎರಡು ತಿಂಗಳು ಮಾಡಿದ್ದೂ ಅದನ್ನೇ. ಶನಿವಾರ ಕ್ಲಾಸ್ ಮುಗಿಯೋದೇ ತಡ, ಬ್ಯಾಗ್ ಹೆಗಲಿಗೇರಿಸಿ ಸೆಂಟ್ರಲ್ ಬಸ್ ಸ್ಟ್ಯಾಂಡಿಗೆ ಓಟ. ಶಹಾಪುರದ ಗುಡ್ಡ ಇದೆಯಲ್ಲ, ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ, ಅದು ಕಿಟಕಿಯಲ್ಲಿ ಕಂಡರೆ ಸಾಕು, ಎದೆ ಹಗುರ. ಭಾನುವಾರ ಸಂಜೆ ಮತ್ತೆ ಭಾರ. ಸೋಮವಾರ, ಮಂಗಳವಾರ ಕ್ಲಾಸಿನಲ್ಲಿ ಸುಮ್ನೆ ಕೂತಿರುತ್ತಿದ್ದೆ, ಬುಧವಾರ ಸ್ವಲ್ಪ ಸುಧಾರಿಸಿಕೊಳ್ಳುವಷ್ಟರಲ್ಲಿ ಗುರುವಾರ, ಗುರುವಾರದಿಂದ ಮತ್ತೆ ಶನಿವಾರದ ಬಸ್ಸಿನ ಲೆಕ್ಕ. ಹೀಗಾದರೆ ಈ ಊರಿನ ಪರಿಚಯ ಯಾವಾಗ ಆಗಬೇಕು ಹೇಳಿ. ಕೊನೆಗೆ ತಿಂಗಳಿಗೆ ಒಂದೇ ಸಲ ಅಂತ ನಾನೇ ನಿಯಮ ಮಾಡಿಕೊಂಡೆ. ಮೊದಲ ಎರಡು ಶನಿವಾರ ತುಂಬ ಕಷ್ಟವಾಯಿತು, ಸುಳ್ಳು ಹೇಳಲ್ಲ.

ಊರು ಸುತ್ತು, ಎಲ್ಲ ಮರೆಯುತ್ತದೆ ಅಂತ ಒಬ್ಬ ಸೀನಿಯರ್ ಹೇಳಿದ. ಕೋಟೆಗೆ ಹೋದೆ. ಅಲ್ಲಿನ ಜಾಮಿ ಮಸೀದಿ 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ, ಇಡೀ ಕಟ್ಟಡದ ಮೇಲೆ ಗುಮ್ಮಟಗಳೇ. ಸಾಲು ಕಮಾನು ನೋಡುತ್ತಾ ಕೂತರೆ ನೆನಪಾಗಿದ್ದು ನಮ್ಮ ಮನೆಯ ಪಡಸಾಲೆ! ಇಲ್ಲಿನ ಅಪ್ಪನ ಕೆರೆ (ಶರಣಬಸವೇಶ್ವರ ಕೆರೆ) ದಂಡೆಯಲ್ಲೂ ಅದೇ ಹಾಡು. ಒಬ್ಬನೇ ತಿರುಗಿದರೆ ಮನೆ ಬೆನ್ನಿಗೇ ಬರುತ್ತದೆ.

ನಿಜವಾದ ವೈರಿ ಸಂಜೆ ಏಳು ಗಂಟೆ. ಆ ಹೊತ್ತಿಗೆ ಅವ್ವ ರೊಟ್ಟಿ ಬಡಿಯುತ್ತಾಳೆ. ಫೋನ್ ಮಾಡುವುದೂ ಆಗಲೇ, ಸ್ಪೀಕರ್ ಹಾಕಿ ಒಲೆಯ ಪಕ್ಕ ಇಟ್ಟು. "ಉಂಡ್ಯಾ?" ಅನ್ನುವ ಮಾತಿನ ಹಿಂದೆ ಪಟ ಪಟ ಪಟ. ಫೋನ್ ಇಟ್ಟ ಮೇಲೆ ನನಗೆ ಊಟವೇ ಸೇರುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ, "ಅವ್ವ, ಸಂಜಿಗಿ ಬ್ಯಾಡ, ಮುಂಜಾನೆ ಮಾಡು" ಅಂದೆ. ಬೇಜಾರು ಮಾಡಿಕೊಂಡಳು. ಆದರೆ ಇದರಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ಮುಂಜಾನೆ ಆರಕ್ಕೆ ಅವಳು ಎಮ್ಮೆ ಹಿಂಡಬೇಕು, ನನಗೆ ಬಾತ್‌ರೂಮಿನ ಪಾಳಿ ತಪ್ಪಬಾರದು. ಅಳಲು ಇಬ್ಬರಿಗೂ ಪುರಸೊತ್ತಿಲ್ಲ.

ವಾರಕ್ಕೆರಡು ಸಲ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ನಮ್ಮ ಕಡೆಯವರಿಗೆ ಇದು ಗೊತ್ತಿರೋದೇ. ಎಂಟರ ಬಸ್ಸಿಗೆ ಅಪ್ಪ ಕ್ರಾಸಿನಲ್ಲಿ ನಿಂತು ಕಂಡಕ್ಟರ್ ಕೈಗೆ ಡಬ್ಬಿ ಕೊಡುವುದು, ನಾನು ಇಲ್ಲಿ ಇಳಿಸಿಕೊಳ್ಳುವುದು. ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ರೊಟ್ಟಿ, ಪುಂಡಿಪಲ್ಯ, ಕಾಗದದಲ್ಲಿ ಶೇಂಗಾ ಹಿಂಡಿ. ಬಟ್ಟೆ ಬಿಚ್ಚಿದರೆ ನಮ್ಮ ಅಡುಗೆಮನೆಯ ಹೊಗೆಯ ವಾಸನೆ. ತಿನ್ನುವುದಕ್ಕಿಂತ ಆ ಬಟ್ಟೆ ಮೂಸಿದ್ದೇ ಹೆಚ್ಚು. (ರೂಮ್‌ಮೇಟ್ ನೋಡಿಬಿಟ್ಟ. ಇನ್ನೂ ಆಡಿಕೊಳ್ಳುತ್ತಾನೆ.) ಡಬ್ಬಿ ಖಾಲಿ ಕಳಿಸಬಾರದು ಅನ್ನೋದು ಅವ್ವನ ಶಾಸ್ತ್ರ, ಹಾಗಾಗಿ ವಾಪಸ್ ಹೋಗುವಾಗ ಅದರಲ್ಲಿ ಎರಡು ಬಾಳೆಹಣ್ಣೋ, ಒಂದಿಷ್ಟು ಪೇಡೆಯೋ ಇಡುತ್ತಿದ್ದೆ.

ನಮ್ಮ ರೂಮಿನ ಓಣಿಯಲ್ಲೇ ಒಂದು ಖಾನಾವಳಿ. ಅಲ್ಲೂ ಸಂಜೆ ಏಳಕ್ಕೆ ಅದೇ ಪಟ ಪಟ. ಆ ಸದ್ದು ಕಿವಿಗೆ ಬೀಳಬಾರದು ಅಂತ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಒಂದು ದಿನ ಜೋರು ಮಳೆ, ಅದರ ಬಾಗಿಲಲ್ಲೇ ನಿಲ್ಲಬೇಕಾಯಿತು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಎರಡು ಸಲ ನೋಡಿದರು. "ಏನ್ ಹಂಗ ನಿಂತು ನೋಡ್ತಿ ತಮ್ಮಾ, ಕೈ ತೊಳ್ಕೊಂಡು ಬಾ" ಅಂದರು.

ಅವತ್ತಿನಿಂದ ಸಂಜೆ ಒಂದು ತಾಸು ಅಲ್ಲೇ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ, ಕುದಿಯುವ ಎಸರು ಹಾಕಿ ಬಿಸಿ ಇರುವಾಗಲೇ ನಾದಬೇಕು, ಇಲ್ಲದಿದ್ದರೆ ಅಂಚೆಲ್ಲ ಸೀಳು. ನನ್ನ ಅಂಗೈ ಕೆಂಪಗಾಗುತ್ತಿತ್ತು, ಅಕ್ಕನಿಗೆ ಏನೂ ಆಗುತ್ತಿರಲಿಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ಸವರಬೇಕು, ಅದೂ ತಡ ಮಾಡದೆ. ಮೊದಲ ಹತ್ತು ದಿನ ನಾನು ಮಾಡಿದ್ದೆಲ್ಲ ಓಣಿಯ ನಾಯಿಗೆ. ಗಮನವೆಲ್ಲ ಸೀಳಿನ ಮೇಲೆ ಇರುವಾಗ ಏಳು ಗಂಟೆ ಯಾವಾಗ ಎಂಟಾಯಿತೋ ತಿಳಿಯುತ್ತಿರಲಿಲ್ಲ. ಆ ಸದ್ದು ಈಗ ನನ್ನ ಕೈಯಿಂದಲೇ ಬರುತ್ತಿತ್ತಲ್ವಾ.

ಹೋದ ವಾರ ನಾನೇ ಬಡಿದ ಎರಡು ರೊಟ್ಟಿ ಡಬ್ಬಿಯಲ್ಲಿಟ್ಟು ಊರಿಗೆ ಕಳಿಸಿದೆ. ಅವ್ವ ಮುಂಜಾನೆ ತನಕ ಕಾಯಲಿಲ್ಲ, ಸಂಜೆಯೇ ಫೋನ್. "ಇದರ ಮ್ಯಾಲ ಯಾರ್ ನಡದಾಡ್ಯಾರೋ?" ಅಂದಳು. ಅಪ್ಪ ಒಂದು ತಿಂದನಂತೆ, ಇನ್ನೊಂದನ್ನು ಅವಳು ಓಣಿ ತುಂಬ ತೋರಿಸಿಕೊಂಡು ಬಂದಿದ್ದಾಳೆ.

ನಿನ್ನೆ ಡಬ್ಬಿ ಇಳಿಸಿಕೊಂಡೆ. ಎಂದಿಗಿಂತ ಭಾರ. ಬಟ್ಟೆ ಬಿಚ್ಚಿದರೆ ರೊಟ್ಟಿ ಇಲ್ಲ, ಬರೀ ಜೋಳದ ಹಿಟ್ಟು.